ಸನ್ಮಾನ ಪತ್ರದ ಹಿಂದಿನ ಹಾಳೆ

ಅವರು ತೀರಿಕೊಂಡ ಸುದ್ದಿ ಸೋಮವಾರ ಬೆಳಿಗ್ಗೆ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಬಂತು. ಕುಂದಾಪುರದ ಕಡೆಯ ಯಾರೋ ಹಾಕಿದ್ದರು. ನೋಡುನೋಡುತ್ತಿದ್ದಂತೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ನಾನೂ ಒಂದು ಹಾಕಿದೆ. ನಿಜ ಹೇಳಬೇಕೆಂದರೆ ನನಗೆ ಮೊದಲು ಆದದ್ದು ದುಃಖವಲ್ಲ, ಹೆದರಿಕೆ. ಬಹ್ರೈನಿನ ಮಾಹೂಝಿನಲ್ಲಿರುವ ನಮ್ಮ ಫ್ಲಾಟಿನಲ್ಲಿ ಟಿವಿಯ ಮೇಲ್ಗಡೆ ನನ್ನ ಸನ್ಮಾನ ಪತ್ರ ತೂಗುತ್ತಿದೆ. ಅದನ್ನು ಒಮ್ಮೆ ನೋಡಿ ತಕ್ಷಣ ಕಣ್ಣು ತಗ್ಗಿಸಿದೆ. ಅದಕ್ಕೆ ಫ್ರೇಮು ಹಾಕಿದವರು ಅವರು.

ಅವರ ಹೆಸರು ಇಲ್ಲಿ ಬೇಡ. ಬಹ್ರೈನಿನ ಕನ್ನಡಿಗರೆಲ್ಲ ಅವರನ್ನು ‘ಫ್ರೇಮಿನವರು’ ಎಂದೇ ಕರೆಯುತ್ತಿದ್ದರು. ಮನಾಮಾದ ಹಳೆ ಪೇಟೆಯ ಗಲ್ಲಿಯೊಂದರಲ್ಲಿ ಅವರ ಅಂಗಡಿ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟು ಜಾಗ. ಬಾಯಿಯಲ್ಲಿ ಯಾವಾಗಲೂ ನಾಲ್ಕೈದು ಸಣ್ಣ ಮೊಳೆ. ತುಟಿಯ ಒಂದು ಮೂಲೆಯಲ್ಲಿ ಮೊಳೆ, ಇನ್ನೊಂದು ಮೂಲೆಯಲ್ಲಿ ಮಾತು. ತೀರಾ ಮುಖ್ಯವಾದದ್ದೇನಾದರೂ ಹೇಳುವುದಿದ್ದರೆ ಮಾತ್ರ ಮೊಳೆಗಳನ್ನು ಅಂಗೈಗೆ ಉಗುಳಿಕೊಳ್ಳುತ್ತಿದ್ದರು. ಅವರು ಅಂಗೈ ಮುಂದೆ ಹಿಡಿದರೆಂದರೆ ನಾನು ಮೊದಲು ಬಾಗಿಲ ಕಡೆ ನೋಡಿಕೊಳ್ಳುತ್ತಿದ್ದೆ.

ಜನರನ್ನು ಅವರು ಫ್ರೇಮಿನ ಇಂಚಿನ ಅಳತೆಯಲ್ಲೇ ಹೇಳುತ್ತಿದ್ದರು. “ಆ ಮನುಷ್ಯ ಎಂಟು-ಹತ್ತು ಮಾರಾಯ್ರೆ. ಆದ್ರೆ ಇಪ್ಪತ್ತು-ಮೂವತ್ತರ ಫ್ರೇಮು ಬೇಕಂತೆ ಅವರಿಗೆ. ಸುತ್ತ ಖಾಲಿ ಜಾಗವೇ ಕಾಣ್ತದೆ, ಎಂತ ಮಾಡೂದು?” ನಾನೆಷ್ಟು ಎಂದು ಒಮ್ಮೆ ಕೇಳಿದ್ದೆ. “ನೀವು ಪಾಸ್‌ಪೋರ್ಟ್ ಸೈಜು” ಎಂದರು. ನಗು ಬಂತು, ಆದರೆ ಮಾತು ಸರಿಯಾಗಿತ್ತು. ನಾನೊಂದು ಕಂಪೆನಿಯ ಆಡಳಿತ ವಿಭಾಗದಲ್ಲಿದ್ದೇನೆ. ನೌಕರರ ವೀಸಾ, ಗುರುತಿನ ಚೀಟಿ, ರಜೆಯ ಅರ್ಜಿ ಎಲ್ಲ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಒಬ್ಬ ಮನುಷ್ಯನನ್ನು ಊರಿಗೆ ವಾಪಸು ಕಳಿಸಲು ಎಷ್ಟು ಕಾಗದ ಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ಬಹಳ ಬೇಡ. ಹಾಗೆ ಗೊತ್ತಿರುವವನು ಪುಕ್ಕಲನಾಗದೆ ಇನ್ನೇನಾಗುತ್ತಾನೆ?

ನಮ್ಮ ನಂಟು ಬೆಳೆದದ್ದು ಸನ್ಮಾನಗಳಿಂದ. ಇಲ್ಲಿ ವರ್ಷಕ್ಕೆ ಏಳೆಂಟು ಸನ್ಮಾನಗಳಾದರೂ ಆಗುತ್ತವೆ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕೊನೆಗೆ ಗಾಜು ಹಾಕಿದ ಸನ್ಮಾನ ಪತ್ರ. ಬೇರೆ ಸಂಘಗಳವರು ಅದನ್ನು ಕಂಪ್ಯೂಟರಿನಲ್ಲಿ ಮಾಡಿಸುತ್ತಾರೆ. ನಮ್ಮ ಸಂಘದ್ದು ಮಾತ್ರ ಕೈಬರಹ, ಆ ಕೈ ನನ್ನದು. ನನ್ನ ಅಕ್ಷರ ಚೆನ್ನಾಗಿದೆ ಎಂದು ಊರಿಡೀ ಹೊಗಳುತ್ತದೆ. ‘ಕೊಡುಗೈ ದಾನಿ, ಅಜಾತಶತ್ರು, ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂದು ನಾನು ಬರೆಯುವುದು, ಅದನ್ನು ಅವರು ಗಾಜಿನೊಳಗೆ ಕೂರಿಸುವುದು.

ಒಂದು ದಿನ ಪತ್ರ ಕೊಡಲು ಹೋದಾಗ ಅವರು ಅದನ್ನು ಓದಿ, “ಕವಿಗಳೇ, ಈ ಅಜಾತಶತ್ರು ಹೋದ ತಿಂಗಳೂ ಬಂದಿದ್ದರಲ್ಲ?” ಎಂದರು.

“ಎಲ್ಲರಿಗೂ ಅದೇ ಬೇಕು ಅಣ್ಣ. ಎಂತ ಮಾಡ್ಲಿ?”

ಅವರು ಮೇಜಿನಡಿಯಿಂದ ಹಳೆಯದೊಂದು ರಟ್ಟಿನ ಫೈಲು ತೆಗೆದರು. ಅವಾಲಿಯ ತೈಲ ಕಂಪೆನಿಯ ಬಂಗಲೆಯಲ್ಲಿದ್ದ ಮುದುಕಿಯೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಕೊಟ್ಟದ್ದಂತೆ. ಅವರ ಚಿತ್ರಗಳನ್ನೆಲ್ಲ ಬಿಚ್ಚಿ ಕಟ್ಟಿಕೊಡಲು ಇವರು ಮೂರು ದಿನ ಹೋಗಿದ್ದರು. ಫೈಲಿನೊಳಗೆ ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ಪತ್ರಿಕೆಗಳ ಹಾಳೆಗಳಿದ್ದವು. ಪ್ರತಿ ಹಾಳೆಯಲ್ಲೂ ಒಂದು ವ್ಯಂಗ್ಯಚಿತ್ರ. ಕಲ್ಲಿನ ಮೇಲೆ ಬರೆದು ಅಚ್ಚೊತ್ತಿದ್ದು. ಮೇಲಧಿಕಾರಿಯ ಮುಂದೆ ನಡು ಬಾಗಿಸಿದ ಗುಮಾಸ್ತ. ಬಾಡಿಗೆದಾರನ ಮಕ್ಕಳನ್ನು ಕಣ್ಣಲ್ಲೇ ಎಣಿಸುವ ಮನೆಮಾಲೀಕ. ಪ್ರದರ್ಶನಕ್ಕೆ ಬಂದು ಬೇರೆ ಯಾವ ಚಿತ್ರವನ್ನೂ ನೋಡದೆ ತನ್ನ ಭಾವಚಿತ್ರದ ಎದುರೇ ಹೆಂಡತಿ ಮಕ್ಕಳ ಸಮೇತ ನಿಂತವನು. ನಾನು ನೋಡುತ್ತ ನೋಡುತ್ತ ನಕ್ಕುಬಿಟ್ಟೆ. ಅಷ್ಟು ದೂರದ, ಅಷ್ಟು ಹಳೆಯ ಜನ, ಆದರೆ ಎಲ್ಲರನ್ನೂ ಹೋದ ಶುಕ್ರವಾರ ಸಂಘದ ಸಭಾಂಗಣದಲ್ಲಿ ನೋಡಿದ್ದೆ.

ಮುದುಕಿ ಅವರಿಗೆ ಪಾಠವನ್ನೇ ಮಾಡಿದ್ದರು. ಅದನ್ನೆಲ್ಲ ಅವರು ನನಗೆ ಒಪ್ಪಿಸಿದರು. ಆ ಚಿತ್ರಕಾರರು ಮೊದಲು ರಾಜನನ್ನೇ ಗೇಲಿ ಮಾಡುತ್ತಿದ್ದರಂತೆ. ಒಬ್ಬನಿಗೆ ಜೈಲೂ ಆಯಿತಂತೆ. ಆಮೇಲೆ ಕಾನೂನು ಬಂದು ರಾಜಕೀಯದ ಚಿತ್ರ ಬರೆಯುವ ಹಾಗಿಲ್ಲ ಎಂದಾದಾಗ ಮನೆಯೊಳಗಿನ, ಬೀದಿಯ, ಆಫೀಸಿನ ಜನರ ಕಡೆ ತಿರುಗಿದರು. ದಪ್ಪ ದಪ್ಪ ಕಾದಂಬರಿ ಬರೆಯುವವರೂ ಅದೇ ಪತ್ರಿಕೆಗಳ ಸುತ್ತ ಇದ್ದವರೇ. ಚಿತ್ರದ ಮನೆಮಾಲೀಕ ಕಾದಂಬರಿಯೊಳಗೆ ಹೋಗಿ ಕೂರುತ್ತಿದ್ದ, ಕಾದಂಬರಿಯ ಗುಮಾಸ್ತ ಚಿತ್ರಕ್ಕೆ ಬರುತ್ತಿದ್ದ. ಗುಮಾಸ್ತನ ಲಕ್ಷಣ, ಬಾಡಿಗೆದಾರನ ಲಕ್ಷಣ ಎಂದು ಕಿಸೆಯಲ್ಲಿ ಹಿಡಿಯುವ ಪುಟ್ಟ ಪುಸ್ತಕಗಳು ಬರುತ್ತಿದ್ದವು. ಸಾಹಿತಿ ಬರೆದದ್ದಕ್ಕೆ ಅಲ್ಲಲ್ಲಿ ಒಂದೊಂದು ಸಣ್ಣ ಚಿತ್ರ.

“ಇನ್ನೊಂದು ವಿಷಯ ಉಂಟು” ಎಂದು ಅವರು ಮೊಳೆಗಳನ್ನು ಅಂಗೈಗೆ ಉಗುಳಿಕೊಂಡರು. “ಚಿತ್ರದ ಅಡಿಯಲ್ಲಿ ಎರಡು ಸಾಲು ಮಾತುಂಟಲ್ಲ, ಅದು ಎಷ್ಟೋ ಸಲ ಚಿತ್ರ ಬರೆದವನದ್ದಲ್ಲ. ಪತ್ರಿಕೆಯ ಆಫೀಸಲ್ಲಿ ಬೇರೆಯವ ಬರೀತಿದ್ದದ್ದು. ಚಿತ್ರದವನ ಹೆಸರು ಮೂಲೆಯಲ್ಲಿ ಇರ್ತದೆ. ಮಾತಿನವನದ್ದು ಎಲ್ಲಿಯೂ ಇಲ್ಲ. ನಾನು ಬರೀತೇನೆ, ನೀವು ಮಾತು ಹಾಕಿ.”

ಪೆನ್ಸಿಲು ಎತ್ತಿ ಹತ್ತೇ ನಿಮಿಷದಲ್ಲಿ ಆ ದಿನದ ‘ಅಜಾತಶತ್ರು’ವನ್ನು ಹಾಳೆಯ ಮೇಲೆ ಇಳಿಸಿದರು. ನಾನು ಸನ್ಮಾನ ಪತ್ರದ ಪೆನ್ನಿನಲ್ಲೇ ಅಡಿಯಲ್ಲಿ ಎರಡು ಸಾಲು ಬರೆದೆ. ಆಗ ಆದ ಖುಷಿ ನನಗೆ ಯಾವ ಅಭಿನಂದನೆ ಬರೆದಾಗಲೂ ಆಗಿರಲಿಲ್ಲ. ಮೂಲೆಯಲ್ಲಿ ಅವರ ಹೆಸರು, ನನ್ನದು ಎಲ್ಲಿಯೂ ಇಲ್ಲ ಎಂಬುದೇ ದೊಡ್ಡ ಧೈರ್ಯ.

ಹೀಗೆ ಸನ್ಮಾನ ಮಾಡಿಸಿಕೊಂಡವರ ಹನ್ನೊಂದು ಚಿತ್ರಗಳಾದವು. ಇಪ್ಪತ್ತು ವರ್ಷದಿಂದ ‘ಬರುವ ವರ್ಷ ಊರಿಗೆ ಹೋಗಿ ಸೆಟ್ಲ್ ಆಗ್ತೇವೆ’ ಎನ್ನುತ್ತಿರುವ ದಂಪತಿ. ಮುಂದಿನ ಸಾಲಿನ ಆರು ಕುರ್ಚಿಗಳಿಗೆ ಒಂದೊಂದು ವ್ಯಾನಿಟಿ ಬ್ಯಾಗು, ಶಾಲು, ನೀರಿನ ಬಾಟಲಿ ಇಟ್ಟು ಕಾಯುವ ಮಹಿಳೆ. ಊರಿನಿಂದ ಬರುವ ಪ್ರತಿ ಸ್ವಾಮಿಗಳ, ಪ್ರತಿ ಸಿನೆಮಾ ನಟರ ಪಕ್ಕದಲ್ಲಿ ವಿಮಾನ ನಿಲ್ದಾಣದಲ್ಲೇ ಹೂಗುಚ್ಛ ಹಿಡಿದು ಫೋಟೋಕ್ಕೆ ನಿಲ್ಲುವವರು. ನಾವೂ ಒಂದು ಪುಟ್ಟ ಪುಸ್ತಕ ಮಾಡಬಹುದು ಎಂದು ಅವರು, ದೇವರಾಣೆ ಬೇಡ ಎಂದು ನಾನು.

ಹನ್ನೊಂದನೆಯದು ನಮ್ಮ ಕಂಪೆನಿಯ ಜನರಲ್ ಮ್ಯಾನೇಜರರದ್ದು. ಬೆಂಗಳೂರಿನವರು, ಸಂಘದ ಗೌರವಾಧ್ಯಕ್ಷರೂ ಹೌದು. ತಮ್ಮ ಸನ್ಮಾನಕ್ಕೆ ಏನೇನು ಬರೆಯಬೇಕೆಂದು ಅವರೇ ನನಗೆ ಎರಡು ಪುಟ ಇಮೇಲ್ ಮಾಡಿದ್ದರು. ಈ ಸಂಗತಿ ಗೊತ್ತಿದ್ದದ್ದು ಆ ಮ್ಯಾನೇಜರರಿಗೆ ಮತ್ತು ನನಗೆ ಇಬ್ಬರಿಗೇ. ಚಿತ್ರದಲ್ಲಿ ಅವರು ಪೇಟ ತೊಟ್ಟು ಸಿಂಹಾಸನದಂಥ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲೊಬ್ಬ ಅಭಿನಂದನೆ ಓದುತ್ತಿದ್ದಾನೆ. ಇವರು ಮೊಬೈಲಿನಲ್ಲಿ ತಮ್ಮ ಮುಖದ ವಿನಯ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದಾರೆ. ನಾನು ಅಡಿಯಲ್ಲಿ ಬರೆದೆ:

“ನನ್ನ ಬಗ್ಗೆ ಇಷ್ಟೆಲ್ಲ ಹೇಳಬೇಡಿ ಎಂದಿದ್ದೆನಲ್ಲ?”
“ನೀವು ಬರೆದುಕೊಟ್ಟದ್ದರಲ್ಲಿ ಅರ್ಧ ಬಿಟ್ಟಿದ್ದೇನೆ ಸರ್.”

ಫ್ರೇಮಿನವರು ಮೊಳೆ ನುಂಗಿಕೊಳ್ಳುವಷ್ಟು ನಕ್ಕರು.

ಸ್ವಲ್ಪ ದಿನದಲ್ಲಿ ಬೇರೆ ಕಂಪೆನಿಯ ಹುಡುಗನೊಬ್ಬ ತನ್ನ ಮ್ಯಾನೇಜರನ ಬಗ್ಗೆ ತಮಾಷೆಯ ಫೋಟೋವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿ ನೌಕರಿ ಕಳೆದುಕೊಂಡ. ಆಗ ಮಗಳು ಹನ್ನೆರಡನೇ ತರಗತಿಯಲ್ಲಿದ್ದಳು. ಬೋರ್ಡು ಪರೀಕ್ಷೆಗೆ ಮೂರು ತಿಂಗಳು ಇತ್ತು. ನನ್ನ ವೀಸಾ ಹೋದರೆ ಅವಳದ್ದೂ ಹೋಗುತ್ತದೆ. ಅಂಗಡಿಗೆ ಓಡಿ, “ಅಣ್ಣ, ಆ ಹನ್ನೊಂದನ್ನೂ ಹರಿದುಹಾಕುವ” ಎಂದೆ.

ಮೊಳೆಗಳು ಅಂಗೈಗೆ ಬಂದವು. “ಇಲ್ಲಿಲ್ಲ ಅವು.”

“ಮತ್ತೆಲ್ಲಿ?”

“ಅವರವರ ಮನೆಯಲ್ಲೇ ಉಂಟು. ಅವರವರ ಪತ್ರದ ಹಿಂದೆ.”

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಫ್ರೇಮಿನ ಹಿಂದೆ ರಟ್ಟು ಹಾಕುವ ಮೊದಲು ಒಂದು ಹಾಳೆ ಇಡುತ್ತಾರೆ. ಆ ಹಾಳೆಯ ಜಾಗದಲ್ಲಿ ನಮ್ಮ ಚಿತ್ರಗಳನ್ನು ಇಟ್ಟಿದ್ದರು ಆ ಮಹಾನುಭಾವರು.

“ಯಾಕೆ? ಯಾಕೆ ಅಣ್ಣ?”

ಅವರು ಪ್ಯಾರಿಸ್ಸಿನ ಹಾಳೆಯೊಂದನ್ನು ಬೆಳಕಿಗೆ ಹಿಡಿದರು. ಹಿಂಬದಿಯಲ್ಲಿ ಪತ್ರಿಕೆಯ ಸುದ್ದಿಯ ಕಾಲಮ್ಮುಗಳು. ಆ ಅಕ್ಷರಗಳ ನೆರಳು ಚಿತ್ರದಲ್ಲೂ ಕಾಣುತ್ತಿತ್ತು. “ನೋಡಿ, ಮುಂದೆ ಒಂದು, ಹಿಂದೆ ಒಂದು. ಎರಡೂ ಒಟ್ಟಿಗೆ ಇದ್ರೇ ಸರಿ. ಬರೀ ನಿಮ್ಮ ಹೊಗಳಿಕೆ ಮಾತ್ರ ಫ್ರೇಮು ಮಾಡಿ ಕೊಡ್ಲಿಕ್ಕೆ ನಂಗೆ ಮನಸ್ಸು ಬರೂದಿಲ್ಲ. ಹೆದ್ರಬೇಡಿ. ತನ್ನ ಹೊಗಳಿಕೆಯ ಹಿಂದೆ ಎಂತ ಉಂಟೂಂತ ಯಾರೂ ಬಿಚ್ಚಿ ನೋಡೂದಿಲ್ಲ.”

ಅಲ್ಲಿಂದ ನನ್ನ ನೆಮ್ಮದಿ ಹಾರಿಹೋಯಿತು. ಯಾರ ಮನೆಯ ಪೂಜೆಗೆ ಹೋದರೂ ದೇವರಿಗಿಂತ ಮೊದಲು ಗೋಡೆ ನೋಡುತ್ತಿದ್ದೆ. ಸನ್ಮಾನ ಪತ್ರದ ಮೊಳೆ ಗಟ್ಟಿಯಾಗಿದೆಯೇ, ಮಕ್ಕಳು ಅದರಡಿಯಲ್ಲಿ ಚೆಂಡಾಡುತ್ತಿದ್ದಾರೆಯೇ ಎಂದು. ಒಬ್ಬರ ಮನೆಯಲ್ಲಿ ಪ್ರಸಾದ ತಿನ್ನುವಾಗ ಅವರು ಗೋಡೆಗೆ ಹೊಸ ಬಣ್ಣ ಹೊಡೆಸುವ ಮಾತೆತ್ತಿದರು. ನಾನು ಸಜ್ಜಿಗೆ ಕೆಳಗಿಟ್ಟು, ಈಗಿರುವ ಬಣ್ಣವೇ ಚೆನ್ನಾಗಿದೆ ಎಂದು ಹೊಗಳತೊಡಗಿದೆ.

ಪರೀಕ್ಷೆಗೆ ಒಂದು ತಿಂಗಳಿರುವಾಗ ಅದು ಆಗಿಯೇ ಹೋಯಿತು. ಮಧ್ಯಾಹ್ನ ಊಟ ಮುಗಿಸಿ ಬಂದ ನಮ್ಮ ಜನರಲ್ ಮ್ಯಾನೇಜರು ನನ್ನ ಮೇಜಿನ ಬಳಿ ನಿಂತರು. “ರೀ, ಮನೆ ಶಿಫ್ಟ್ ಮಾಡೋವಾಗ ಆ ಸನ್ಮಾನ ಪತ್ರದ ಗ್ಲಾಸ್ ಕ್ರ್ಯಾಕ್ ಆಗ್ಬಿಟ್ಟಿದೆ. ನಿಮ್ ಫ್ರೇಮ್‌ನೋರು ತುಂಬಾ ಸ್ಲೋ. ಹಮದ್ ಟೌನ್‌ನಲ್ಲಿ ಹೊಸ ವಿಲ್ಲಾ ಹತ್ರಾನೇ ಒಂದು ಶಾಪ್ ಇದೆ, ಡ್ರೈವರ್ ಕೈಲಿ ಬೆಳಿಗ್ಗೇನೇ ಕಳಿಸ್ದೆ. ಸಂಜೆ ನಾನೇ ಹೋಗಿ ಬೇರೆ ಫ್ರೇಮ್ ಸೆಲೆಕ್ಟ್ ಮಾಡ್ತೀನಿ.”

ನಾನು ಜ್ವರ ಎಂದು ಹೇಳಿ ಹೊರಟೆ. ಸುಳ್ಳೂ ಅಲ್ಲ, ಮೈ ಬಿಸಿಯಾಗಿತ್ತು. ಮನಾಮಾಕ್ಕೆ ಹೋಗಿ ಅವರನ್ನು ಕಾರಿಗೆ ಹತ್ತಿಸಿಕೊಂಡೆ. ಅವರು ಅಂಗಡಿಯಿಂದ ಎದ್ದ ಹಾಗೆಯೇ ಬಂದಿದ್ದರು. ಬಾಯಲ್ಲಿ ಮೊಳೆ, ಕೈಯಲ್ಲಿ ಒಂದು ಬಿಳಿ ಹಾಳೆಯ ಸುರುಳಿ. ಚಿತ್ರ ತೆಗೆದು ಇದನ್ನು ಇಟ್ಟರಾಯಿತು ಎಂದರು. ಹಮದ್ ಟೌನಿನ ಒಂದೊಂದು ರೌಂಡಬೌಟೂ ಇನ್ನೊಂದರ ಹಾಗೇ ಕಾಣುತ್ತಿತ್ತು. ಒಂದೇ ಪೆಟ್ರೋಲ್ ಬಂಕಿನ ಮುಂದೆ ಮೂರು ಸಲ ಹಾದೆವು.

“ಮಗಳಿಗೆ ಪರೀಕ್ಷೆ ಯಾವಾಗ?” ಎಂದು ಅವರು ಕೇಳಿದರು.

“ಬರುವ ತಿಂಗಳು. ಈಗ ಅದೆಲ್ಲ ಯಾಕಣ್ಣ?”

“ಸುಮ್ಮನೆ ಕೇಳಿದ್ದು.”

ಅಂಗಡಿ ಸಿಕ್ಕಿತು. ಒಳಗೆ ಬಾಂಗ್ಲಾದೇಶದ ಕೆಲಸಗಾರನೊಬ್ಬ ಫ್ರೇಮನ್ನು ಆಗಲೇ ಬಿಚ್ಚಿದ್ದ. ನಮ್ಮ ಚಿತ್ರ ಮೇಜಿನ ನಡುವೆ ತೆರೆದು ಬಿದ್ದಿತ್ತು. ಅವನಿಗೆ ಕನ್ನಡ ಬಾರದು, ಆದರೆ ಚಿತ್ರಕ್ಕೆ ಭಾಷೆ ಬೇಕಾಗಿರಲಿಲ್ಲ. “ಯೇ ತೋ ವಹೀ ಸಾಬ್ ಹೈ ನಾ?” ಎಂದು, ಹತ್ತಿರದ ವಿಲ್ಲಾದ ಸಾಹೇಬರ ಗುರುತು ಹಿಡಿದು ನಗುತ್ತಿದ್ದ. ಫ್ರೇಮಿನವರು ಕೈಚಾಚಿದರು. ಅಷ್ಟರಲ್ಲಿ ಬಾಗಿಲಿನ ಗಂಟೆ ಸದ್ದಾಯಿತು. ಜನರಲ್ ಮ್ಯಾನೇಜರು ಒಳಗೆ ಬಂದರು.

ಸಂಜೆ ಬರುತ್ತೇನೆಂದವರು ನಾಲ್ಕು ಗಂಟೆಗೇ ಬಂದಿದ್ದರು. ನನ್ನನ್ನು ನೋಡಿ, “ಜ್ವರ ಅಂದ್ರಲ್ರೀ?” ಎಂದರು. ಆಮೇಲೆ ಮೇಜು ನೋಡಿದರು. ಚಿತ್ರವನ್ನು ಎತ್ತಿಕೊಂಡರು. ಅಡಿಯ ಸಾಲುಗಳನ್ನು ಎರಡು ಸಲ ಓದಿದರು ಎಂದು ಕಾಣುತ್ತದೆ, ಅಷ್ಟು ಹೊತ್ತಾಯಿತು.

“ಯಾರು ಮಾಡಿದ್ದು ಇದು?”

ಫ್ರೇಮಿನವರು ಮೊಳೆಗಳನ್ನು ಅಂಗೈಗೆ ಉಗುಳಿಕೊಂಡರು. “ನಾನು ಸರ್. ಮೂಲೆಯಲ್ಲಿ ಹೆಸರುಂಟಲ್ಲ.”

“ಈ ಅಕ್ಷರ ಯಾರದು?”

“ಅದೂ ನಂದೇ. ಇವರ ಪತ್ರ ಎಷ್ಟೋ ವರ್ಷದಿಂದ ಫ್ರೇಮು ಮಾಡ್ತಾ ಇದ್ದೇನೆ. ನೋಡಿ ನೋಡಿ ಅಕ್ಷರ ಕೈಗೆ ಬಂತು.”

ಜನರಲ್ ಮ್ಯಾನೇಜರು ನನ್ನ ಕಡೆ ತಿರುಗಿದರು. “ಹೌದೇನ್ರೀ?”

ನಾನು “ಹೌದು ಸರ್” ಎಂದೆ.

ಅವರು ಚಿತ್ರವನ್ನು ನಾಲ್ಕಾಗಿ ಮಡಚತೊಡಗಿದರು. ಫ್ರೇಮಿನವರ ಮುಖದಲ್ಲಿ ನೋವು ಕಂಡದ್ದು ಆಗ ಮಾತ್ರ. “ಮಡಚಬೇಡಿ ಸರ್, ಗೀಟು ಬಿದ್ರೆ ಹೋಗೂದಿಲ್ಲ” ಎಂದರು. ಜನರಲ್ ಮ್ಯಾನೇಜರು ಮಡಚಿ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ವಾಪಸು ಬರುವಾಗ ಫ್ರೇಮಿನವರೇ ನನಗೆ ಸಮಾಧಾನ ಹೇಳಿದರು. “ಪ್ಯಾರಿಸ್ಸಲ್ಲೂ ಹಾಗೇ ಅಲ್ವಾ ಕವಿಗಳೇ? ಹೆಸರು ಚಿತ್ರದವನದ್ದು ಮಾತ್ರ. ಮಗಳು ಪರೀಕ್ಷೆ ಬರೀಲಿ. ಖಲಾಸ್, ಮುಗೀತು.”

ಮುಗಿಯಲಿಲ್ಲ. ಇಮೇಲಿನ ವಿಷಯ ನನಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲವೆಂದು ಜನರಲ್ ಮ್ಯಾನೇಜರರಿಗೆ ತಿಳಿಯದೆ ಇರುತ್ತದೆಯೇ? ಆದರೂ ಅವರು ಆ ವಿಷಯ ಎತ್ತಲೇ ಇಲ್ಲ. ಅದೇ ಭಯಂಕರ. ವಾರಕ್ಕೊಮ್ಮೆ ನನ್ನ ಮೇಜಿನ ಬಳಿ ನಿಂತು, “ಅಕ್ಷರ ಚೆನ್ನಾಗಿದೆ ರೀ ನಿಮ್ದು” ಎನ್ನುತ್ತಿದ್ದರು. ಇತ್ತ ಸಂಘದ ಫ್ರೇಮುಗಳೆಲ್ಲ ಹಮದ್ ಟೌನಿಗೆ ಹೋಗತೊಡಗಿದವು. ಆಮೇಲೆ ಬೇರೆ ಸಂಘಗಳದ್ದು, ಕಂಪೆನಿಗಳದ್ದು. ಅಂಗಡಿಯ ಲೈಸೆನ್ಸು ಯಾರ ಹೆಸರಿನಲ್ಲಿತ್ತೋ ಆ ಅರಬಿಗೂ ಯಾರೋ ಏನೋ ಹೇಳಿದರು. ಮಗಳ ಫಲಿತಾಂಶ ಬಂದು ಅವಳು ಕಾಲೇಜಿಗೆ ಹೊರಡುವ ಹೊತ್ತಿಗೆ ಫ್ರೇಮಿನವರು ಅಂಗಡಿ ಖಾಲಿ ಮಾಡಿ ಊರಿಗೆ ಹೊರಡುವ ತಯಾರಿಯಲ್ಲಿದ್ದರು. ಆ ವರ್ಷ ಸಂಘ ನನಗೆ ಸನ್ಮಾನ ಮಾಡಿತು. ಹೆಸರು ಸೂಚಿಸಿದ್ದು ಗೌರವಾಧ್ಯಕ್ಷರಾದ ಅದೇ ಜನರಲ್ ಮ್ಯಾನೇಜರು. ನಾನು ಶಾಲು ಹೊದ್ದು ಕೂತು ನಗುತ್ತಿದ್ದೆ. ಬೇಡ ಎನ್ನಲು ಹೆದರಿಕೆಯಾಯಿತು.

ಆ ಪತ್ರವನ್ನು ಹಮದ್ ಟೌನಿಗೆ ಕೊಡಲು ಮನಸ್ಸಾಗದೆ ಅವರ ಬಳಿಗೇ ಒಯ್ದೆ. ಅವರು ಬಹ್ರೈನಿನಲ್ಲಿ ಮಾಡಿದ ಕೊನೆಯ ಫ್ರೇಮು ಅದು. ಕೊಡುವಾಗ ಮೊಳೆ ಅಂಗೈಗೆ ಬಂತು. “ಇದು ಒಡೆದ್ರೆ ಬೇರೆಯವರ ಕೈಗೆ ಕೊಡಬೇಡಿ. ನೀವೇ ಬಿಚ್ಚಿ.” ನಾನು ಕ್ಷಮೆ ಕೇಳಬೇಕೆಂದು ಹೋದವನು, “ಆಯ್ತಣ್ಣ” ಎಂದಷ್ಟೇ ಹೇಳಿ ಬಂದೆ.

ಐದು ವರ್ಷ ಅದನ್ನು ಬಿಚ್ಚಲಿಲ್ಲ. ನನ್ನ ಮುಖವನ್ನು ಅವರು ಹೇಗೆ ಬರೆದಿರಬಹುದು ಎಂದು ಊಹಿಸಿದಾಗಲೆಲ್ಲ ಟಿವಿಯ ಸದ್ದು ಹೆಚ್ಚು ಮಾಡುತ್ತಿದ್ದೆ. ಅವರ ಕೈ ಎಷ್ಟು ನಿರ್ದಯವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಗುಮಾಸ್ತ, ನಡು ಬಾಗಿಸಿದವನು, ಬಾಲ ಬೇರೆ ಹಚ್ಚಿರಬಹುದು.

ನಿನ್ನೆ ಜನರಲ್ ಮ್ಯಾನೇಜರು ಫೋನು ಮಾಡಿದರು. “ಶುಕ್ರವಾರ ಕಂಡೊಲೆನ್ಸ್ ಮೀಟಿಂಗ್ ಇಟ್ಕೊಂಡಿದೀವಿ ರೀ, ನಂದೇ ಅಧ್ಯಕ್ಷತೆ. ಒಂದು ನುಡಿನಮನ ಬರೀರಿ. ಫ್ರೇಮ್ ಹಾಕ್ಸಿ ಅವರ ಮನೆಯೋರಿಗೆ ಕಳ್ಸೋಣ. ನಿಮ್ಮ ಅಕ್ಷರದಲ್ಲೇ ಇರ್ಲಿ.”

ರಾತ್ರಿಯ ಊಟಕ್ಕೆ ಮೊದಲು ಬರೆಯಲು ಕೂತೆ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಜಾತಶತ್ರು’ ಎಂದು ಪೆನ್ನು ತಾನಾಗಿಯೇ ಹೊರಟಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎದ್ದು ಟಿವಿಯ ಮೇಲಿನ ಫ್ರೇಮು ಇಳಿಸಿ, ಊಟದ ಮೇಜಿನ ಮೇಲೆ ಕವುಚಿ ಹಾಕಿ, ಅಡುಗೆಮನೆಯ ಚೂರಿಯಿಂದ ಹಿಂದಿನ ಟೇಪು ಕತ್ತರಿಸಿದೆ. ಹೆಂಡತಿ ಓಡಿಬಂದಳು. “ಎಂತ ಮಾಡ್ತಿದ್ದೀರಿ ಮಾರಾಯ್ರೆ ನೀವು? ತಲೆ ಸರಿ ಉಂಟಾ?”

ರಟ್ಟು ತೆಗೆದರೆ ಚಿತ್ರವಿತ್ತು. ಹಮದ್ ಟೌನಿನ ಅಂಗಡಿ ಅದು. ಕೈಯಲ್ಲಿ ಹಾಳೆ ಹಿಡಿದ ಜನರಲ್ ಮ್ಯಾನೇಜರು ಒಂದು ಕಡೆ. ಅಂಗೈಯಲ್ಲಿ ಮೊಳೆ ಹಿಡಿದು ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟ ಫ್ರೇಮಿನವರು ಇನ್ನೊಂದು ಕಡೆ. ತಮ್ಮ ಮೂಗನ್ನು ಇನ್ನಷ್ಟು ಉದ್ದ ಮಾಡಿಕೊಂಡಿದ್ದರು. ನಡುವೆ ನಾನು. ಬಾಲ ಇರಲಿಲ್ಲ. ನಡುವೂ ಬಾಗಿರಲಿಲ್ಲ. ಹೆದರಿದ ಮುಖ, ಅದು ಹೌದು. ಆದರೆ ಬಾಯಿ ಸ್ವಲ್ಪ ತೆರೆದಿತ್ತು. ‘ಹೌದು ಸರ್’ ಎನ್ನುವ ಮೊದಲಿನ ಆ ಒಂದು ಗಳಿಗೆಯನ್ನು ಅವರು ಹಿಡಿದಿದ್ದರು. ಇನ್ನೂ ಏನು ಬೇಕಾದರೂ ಹೇಳಬಹುದಾಗಿದ್ದ ಗಳಿಗೆ.

ಅಡಿಯಲ್ಲಿ ಮಾತಿಲ್ಲ. ನನಗಾಗಿ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು ಖಾಲಿ ಬಿಟ್ಟಿದ್ದರು. ಎಡ ಮೂಲೆಯಲ್ಲಿ ಅವರ ಹೆಸರು. ಬಲ ಮೂಲೆಯಲ್ಲಿ ಇನ್ನೊಂದು ಪುಟ್ಟ ಗೆರೆ, ಅದರ ಮೇಲೆ ಏನೂ ಇಲ್ಲ.

ನಾನು ಅತ್ತೆ. ಹೆಂಡತಿ ಚಿತ್ರವನ್ನು ನೋಡಿದಳು, ನನ್ನನ್ನು ನೋಡಿದಳು. ಐದು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಎಲ್ಲ ಹೇಳಿದೆ. ಅವಳು ಚಿತ್ರದಡಿಯ ಖಾಲಿ ಗೆರೆಗಳ ಮೇಲೆ ಬೆರಳಿಟ್ಟು, “ಪೆನ್ನು ಅಲ್ಲುಂಟು” ಎಂದಳು.

ಮಗಳ ಓದು ಮುಗಿದಿದೆ. ಹೆದರಲು ಆ ನೆಪವೂ ಈಗ ಇಲ್ಲ. ಆದರೂ ಹೆದರಿಕೆ ಇದೆ, ಶುಕ್ರವಾರಕ್ಕೆ ಇನ್ನು ಎರಡೇ ದಿನ. ಆ ದಿನ ಸಭೆಗೆ ನಾನು ನುಡಿನಮನ ಒಯ್ಯುವುದಿಲ್ಲ, ಈ ಚಿತ್ರವನ್ನು ಒಯ್ಯುತ್ತೇನೆ. ಗಾಜಿನೊಳಗೆ ಚಿತ್ರ ಮುಂದಕ್ಕೆ, ನನ್ನ ಸನ್ಮಾನ ಪತ್ರ ಹಿಂದಕ್ಕೆ ಹಾಕಿ ಆಗಿದೆ. ಬಲ ಮೂಲೆಯ ಗೆರೆಯ ಮೇಲೆ ನನ್ನ ಹೆಸರು ಬರೆದಿದ್ದೇನೆ. ಅವರು ಎಳೆದಿಟ್ಟ ಎರಡು ಗೆರೆಗಳ ಮೇಲೆ ಹೀಗೆ:

“ಈ ಅಕ್ಷರ ಯಾರದು?”
“ನನ್ನದು ಸರ್.”

ಸನ್ಮಾನ ಪತ್ರದ ಪೆನ್ನಿನಲ್ಲೇ ಬರೆದಿದ್ದೇನೆ. ನೋಡಿದವರು ಯಾರೇ ಆಗಲಿ ಅದು ನನ್ನ ಅಕ್ಷರವೆಂದು ಹೇಳುತ್ತಾರೆ.